ಸೊಂಟ ನೋವಿರುವ ವೇಗದ ಬೌಲರ್‌ಗಳಿಗೆ: ರೆಸ್ಟ್ ಮುಗಿದ ಮೇಲೆ ಏನು ಮಾಡಬೇಕು?

"ಎರಡು ತಿಂಗಳು ರೆಸ್ಟ್ ಮಾಡಿದೆ, ನೋವು ಪೂರ್ತಿ ಹೋಗಿತ್ತು, ಭಾನುವಾರ ಮ್ಯಾಚ್‌ನಲ್ಲಿ ಆರು ಓವರ್ ಹಾಕಿದೆ, ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಏಳೋಕೇ ಆಗಲಿಲ್ಲ." ಕೇಳುವವರ ಊರು ಬೇರೆ, ವಯಸ್ಸು ಬೇರೆ, ಕ್ಲಬ್ ಬೇರೆ. ಕಥೆ ಮಾತ್ರ ಇದೇ. ಒಬ್ಬೊಬ್ಬರಿಗೂ ಅರ್ಧ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದಿ.

ಮೊದಲೇ ಹೇಳಿಬಿಡುತ್ತೇನೆ. ರೆಸ್ಟ್ ನೋವನ್ನು ಇಳಿಸುತ್ತದೆ ನಿಜ, ಆದರೆ ಬೌಲಿಂಗ್‌ನ ಹೊಡೆತ ತಡೆಯುವ ಶಕ್ತಿ ಅದರಿಂದ ಬರುವುದಿಲ್ಲ. ಎರಡು ತಿಂಗಳು ಸುಮ್ನೆ ಕೂತರೆ ಸ್ನಾಯು ಮೊದಲಿಗಿಂತ ಸೊರಗಿರುತ್ತದೆ, ನೀವು ಹಾಕುವ ಓವರ್ ಮಾತ್ರ ಮೊದಲಿನಷ್ಟೇ. ಲೆಕ್ಕ ಹೇಗೆ ಸರಿಹೋಗಬೇಕು? ರೆಸ್ಟ್‌ಗೂ ಮೊದಲ ಮ್ಯಾಚ್‌ಗೂ ನಡುವೆ ನಾಲ್ಕರಿಂದ ಐದೂವರೆ ತಿಂಗಳ ಕೆಲಸ ಇದೆ. ಅದನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

ನಾನು ಕ್ಲಬ್ ಆಟಗಾರರಿಗೆ ಫಿಟ್ನೆಸ್ ಟ್ರೈನಿಂಗ್ ಕೊಡುವವನು, ವೈದ್ಯನಲ್ಲ. ಕಾಯಿಲೆ ಏನು ಅಂತ ಹೇಳುವುದು ವೈದ್ಯರ ಕೆಲಸ. ಅವರು "ವ್ಯಾಯಾಮ ಶುರು ಮಾಡಬಹುದು" ಅಂದ ಮೇಲಿನ ದಾರಿ ಇದು.

ಇದು ಯಾರಿಗೆ, ಯಾರಿಗಲ್ಲ

ಪಕ್ಕೆಲುಬಿನ ಕೆಳಗಿನಿಂದ ಕುಂಡೆಯವರೆಗಿನ ಜಾಗದಲ್ಲಿ 12 ವಾರಕ್ಕಿಂತ ಜಾಸ್ತಿ ನೋವಿದ್ದರೆ ಅದನ್ನು ದೀರ್ಘಕಾಲದ ಸೊಂಟ ನೋವು ಅನ್ನುತ್ತಾರೆ. ದಿನಾ ಇರಬೇಕು ಅಂತಿಲ್ಲ, ಬಂದು ಹೋಗಿ ಬಂದು ಹೋಗಿ ಮಾಡಿದರೂ ಅದೇ ಲೆಕ್ಕ. ಇದು ಅಂಥವರಿಗೆ. ನಿನ್ನೆ ಡೈವ್ ಹೊಡೆದು ಸೊಂಟ ಹಿಡಿದುಕೊಂಡವರಿಗಲ್ಲ.

ಕೆಳಗಿನವುಗಳಲ್ಲಿ ಒಂದಿದ್ದರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ:

- ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದೆ, ಅಥವಾ ಮೂತ್ರ ಕಟ್ಟಿಕೊಂಡಿದೆ. ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದಿದೆ. ಇದು ಅದೇ ದಿನ, ಅದೇ ಗಂಟೆ ಹೋಗಬೇಕಾದದ್ದು.
- ಕಾಲಿನ ಬಲ ದಿನೇ ದಿನೇ ಕಡಿಮೆಯಾಗುತ್ತಿದೆ, ಪಾದ ಎಳೆಯುತ್ತಿದೆ.
- ನೋವಿನ ಜೊತೆ ಜ್ವರ ಇದೆ, ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಅಥವಾ ಯಾವ ಮಗ್ಗುಲಲ್ಲಿ ಮಲಗಿದರೂ ರಾತ್ರಿ ನೋವು ಬಿಡುವುದಿಲ್ಲ.
- ಬಿದ್ದ ಮೇಲೆ ಅಥವಾ ಬೈಕ್ ಅಪಘಾತದ ಮೇಲೆ ಶುರುವಾದ ನೋವು.

ಇನ್ನೊಂದು ಇದೆ, ಇದರಲ್ಲಿ ಗಡಿಬಿಡಿ ಬೇಡ, ಆದರೆ ಮರೆಯಲೂಬಾರದು. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಜಾಸ್ತಿ ಸೊಂಟ ಬಿಗಿದಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ಸುಮ್ನೆ ಕೂತರೆ ಮತ್ತೆ ಬಿಗಿಯುತ್ತದೆ. ಹೀಗಿದ್ದರೆ ರೂಮಟಾಲಜಿಸ್ಟ್, ಅಂದರೆ ಕೀಲು ವಾತದ ವೈದ್ಯರಿಗೆ ಒಮ್ಮೆ ತೋರಿಸಿ. ಬೌಲಿಂಗ್‌ಗೆ ಸಂಬಂಧವೇ ಇಲ್ಲದ ಬೇರೆ ಕಾಯಿಲೆ ಆಗಿರಬಹುದು.

ಹಂತ 1: ಮೂಳೆಯದ್ದೋ ಅಲ್ಲವೋ ಮೊದಲು ತಿಳಿಯಿರಿ

ಬಾಲ್ ಬಿಡುವಾಗ ಮುಂದಿಡುವ ಕಾಲು, ಅಂದರೆ ಮುಂಗಾಲು, ನೆಲಕ್ಕೆ ಬಡಿಯುವ ಆ ಒಂದು ಕ್ಷಣದಲ್ಲಿ ವೇಗದ ಬೌಲರ್‌ನ ಕಾಲಿನ ಮೇಲೆ ದೇಹತೂಕದ ಐದಾರು ಪಟ್ಟು ಭಾರ ಬೀಳುತ್ತದೆ. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲಿರುತ್ತದೆ, ಜೊತೆಗೆ ತಿರುಗುತ್ತಲೂ ಇರುತ್ತದೆ. ಬೇರೆ ಯಾವ ಕೆಲಸದಲ್ಲೂ ಸೊಂಟಕ್ಕೆ ಈ ಮೂರೂ ಒಟ್ಟಿಗೆ ಇಷ್ಟು ಜೋರಾಗಿ ಬೀಳುವುದು ಅಪರೂಪ. ತಂತಿಯನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಏನಾಗುತ್ತದೋ, ಬೆನ್ನುಮೂಳೆಯ ಕೆಳಗಿನ ಮಣಿಗಳ ಹಿಂಭಾಗದ ತೆಳ್ಳನೆ ಎಲುಬಿಗೂ ಅದೇ ಆಗುತ್ತದೆ. ಮೊದಲು ಒಳಗೆ ಊತ, ಆಮೇಲೆ ಕೂದಲೆಳೆಯ ಬಿರುಕು. ಇದೇ ಸ್ಟ್ರೆಸ್ ಫ್ರಾಕ್ಚರ್. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಗಡೆ, ಎಡಗೈಯವರಿಗೆ ಬಲಗಡೆ.

ನಮ್ಮ ಪ್ರಸಿದ್ಧ್ ಕೃಷ್ಣ 2022ರ ಆಗಸ್ಟ್‌ನಿಂದ ಒಂದು ವರ್ಷ ಭಾರತ ತಂಡದಿಂದ ಹೊರಗಿದ್ದದ್ದು ಇದೇ ಕಾರಣಕ್ಕೆ. ಬುಮ್ರಾ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಆಪರೇಷನ್ ಮಾಡಿಸಿಕೊಂಡು, ಆಗಸ್ಟ್‌ನಲ್ಲಿ ಐರ್ಲೆಂಡ್ ಸರಣಿಗೆ ವಾಪಸ್ ಬಂದರು. ಪ್ರಸಿದ್ಧ್ ಮರಳಿದ್ದೂ ಅದೇ ಸರಣಿಗೆ. ಅವರ ಹಿಂದೆ ಫಿಸಿಯೋ, ಟ್ರೈನರ್, ಸ್ಕ್ಯಾನ್ ಎಲ್ಲಾ ಇತ್ತು. ಆದರೂ ಅಷ್ಟು ತಿಂಗಳು ಹಿಡಿಯಿತು. "ಮೂರು ವಾರದಲ್ಲಿ ಸರಿಹೋಗುತ್ತಾ ಸರ್?" ಅಂತ ಕೇಳುವವರು ಇದನ್ನು ಒಂದು ಸಲ ಯೋಚಿಸಿ.

ಯಾವಾಗ ಅನುಮಾನ ಪಡಬೇಕು? ವಯಸ್ಸು ಇಪ್ಪತ್ತರ ಆಸುಪಾಸು ಅಥವಾ ಕಡಿಮೆ, ನೋವು ಒಂದೇ ಪಕ್ಕ, ಬೆರಳಿಟ್ಟು ತೋರಿಸಬಹುದಾದ ಜಾಗ, ಹಿಂದಕ್ಕೆ ಬಾಗಿದರೆ ಜಾಸ್ತಿ, ಬೌಲಿಂಗ್ ಮಾಡುವಾಗ ಚುಚ್ಚುತ್ತದೆ, ಬಿಟ್ಟರೆ ಇಳಿಯುತ್ತದೆ. ನೋವಿರುವ ಪಕ್ಕದ ಕಾಲಿನ ಮೇಲೆ ನಿಂತು ಮೆಲ್ಲಗೆ ಹಿಂದಕ್ಕೆ ಬಾಗಿ ನೋಡಿ, ಚುಚ್ಚಿದರೆ ಅದೊಂದು ಸುಳಿವು. ಸುಳಿವು ಅಷ್ಟೇ, ಚುಚ್ಚಲಿಲ್ಲ ಅಂದ ಮಾತ್ರಕ್ಕೆ ಬಿರುಕಿಲ್ಲ ಅಂತ ಅಲ್ಲ.

ಎಚ್ಚರ: ಎಕ್ಸ್‌ರೇಯಲ್ಲಿ ಆರಂಭದ ಸ್ಟ್ರೆಸ್ ಫ್ರಾಕ್ಚರ್ ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್, ಆಡು" ಅಂತ ಯಾರಾದರೂ ಅಂದರೆ, ಮೇಲಿನ ಲಕ್ಷಣಗಳು ನಿಮಗಿದ್ದರೆ, ಎಂಆರ್‌ಐ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಬಿರುಕು ಇದೆ ಅಂತಾದರೆ ಬೌಲಿಂಗ್ ಪೂರ್ತಿ ಬಂದ್, ವೈದ್ಯರು ಹೇಳುವವರೆಗೆ. ಮ್ಯಾಚ್‌ಗೆ ಮರಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುವುದು ಮಾಮೂಲು.

ಇದಕ್ಕೆ ತದ್ವಿರುದ್ಧ ತೊಂದರೆಯೂ ಇದೆ. ವಯಸ್ಸು ಮೂವತ್ತು, ಎಂಆರ್‌ಐ ರಿಪೋರ್ಟ್‌ನಲ್ಲಿ "ಡಿಸ್ಕ್ ಬಲ್ಜ್", "ಡಿಜನರೇಷನ್" ಅಂತ ಬರೆದಿರುತ್ತದೆ, ನೋಡಿದವರು ಹೆದರಿ ಆಟವನ್ನೇ ಬಿಟ್ಟುಬಿಡುತ್ತಾರೆ. ಡಿಸ್ಕ್ ಅಂದರೆ ಎರಡು ಮಣಿಗಳ ನಡುವಿನ ಮೆತ್ತೆ. ಅದು ಸ್ವಲ್ಪ ಉಬ್ಬಿದರೆ ಬಲ್ಜ್, ಸವೆದರೆ ಡಿಜನರೇಷನ್. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಅದರ ಪ್ರಕಾರ ಇಪ್ಪತ್ತರ ವಯಸ್ಸಿನವರಲ್ಲೇ ಸುಮಾರು 30 ಶೇಕಡಾ ಜನರಿಗೆ ಬಲ್ಜ್, 37 ಶೇಕಡಾ ಜನರಿಗೆ ಸವೆತ ಇರುತ್ತದೆ. ಅವರಿಗೆ ಸೊಂಟ ನೋವೇ ಇಲ್ಲ! ರಿಪೋರ್ಟ್‌ನ ಪದಗಳಿಗಿಂತ ನಿಮ್ಮ ಲಕ್ಷಣ ಮುಖ್ಯ. ಎರಡೂ ಹೊಂದುತ್ತವೆಯೋ ಇಲ್ಲವೋ ನೋಡುವುದು ವೈದ್ಯರು.

ಹುಡುಗಿಯರಿಗೆ ಒಂದು ಮಾತು. ಟ್ರೈನಿಂಗ್ ಜಾಸ್ತಿ, ಊಟ ಕಡಿಮೆ, ಮುಟ್ಟು ತಿಂಗಳುಗಟ್ಟಲೆ ನಿಂತಿದೆ ಅಂದರೆ ಮೂಳೆ ಸೊರಗುತ್ತಿರಬಹುದು. ಸೊಂಟ ನೋವಿನ ಜೊತೆ ಇದನ್ನೂ ವೈದ್ಯರಿಗೆ ಹೇಳಿ, ನಾಚಿಕೆ ಬೇಡ.

ಹಂತ 2: ಒಂದು ನೋಟ್‌ಬುಕ್ ಇಡಿ

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ದಿನಾ ಮೂರು ವಿಷಯ: ಬೆಳಿಗ್ಗೆ ಎದ್ದಾಗ ನೋವು 10ಕ್ಕೆ ಎಷ್ಟು, ಆ ದಿನ ಏನು ಮಾಡಿದಿರಿ, ಎಷ್ಟು ಬಾಲ್ ಹಾಕಿದಿರಿ.

ಬಾಲ್ ಲೆಕ್ಕದಲ್ಲೇ ಹೆಚ್ಚಿನವರು ತಪ್ಪುವುದು. ಎಷ್ಟು ಬೌಲಿಂಗ್ ಮಾಡ್ತೀಯಾ ಅಂದರೆ "ವಾರಕ್ಕೆ ಎಂಟು ಓವರ್ ಸರ್" ಅನ್ನುತ್ತಾರೆ. ಅದು ಮ್ಯಾಚ್ ಲೆಕ್ಕ. ಮಂಗಳವಾರ, ಗುರುವಾರ ನೆಟ್ಸ್‌ನಲ್ಲಿ ಬ್ಯಾಟ್ಸ್‌ಮನ್ ಸಾಕು ಅನ್ನುವವರೆಗೆ ಹಾಕಿದ್ದು? ಶನಿವಾರ ರಾತ್ರಿ ಲೈಟ್ ಹಾಕಿಕೊಂಡು ಆಡಿದ ಟೆನಿಸ್ ಬಾಲ್ ಟೂರ್ನಿ? ಮ್ಯಾಚ್‌ಗೆ ಮುಂಚೆ ವಾರ್ಮ್ ಅಪ್‌ಗೆ ಹಾಕಿದ್ದು, ನೋ ಬಾಲ್, ವೈಡ್? ಸೊಂಟಕ್ಕೆ ಸ್ಕೋರ್‌ಬುಕ್ ಗೊತ್ತಿಲ್ಲ. ಎಲ್ಲವನ್ನೂ ಎಣಿಸಿ. ಎಂಟು ಓವರ್ ಅಂದವರ ವಾರದ ಲೆಕ್ಕ ಇನ್ನೂರು ಬಾಲ್ ದಾಟುವುದು ಅಪರೂಪವೇನಲ್ಲ. ಮ್ಯಾಟಿಂಗ್ ಪಿಚ್ ಮೇಲೆ ಹಾಕಿದ ದಿನ ಪಕ್ಕದಲ್ಲಿ ಒಂದು ಗುರುತು ಮಾಡಿ. ಕೆಳಗೆ ಕಾಂಕ್ರೀಟ್ ಇದ್ದರಂತೂ ಮುಂಗಾಲಿಗೆ ಬೀಳುವ ಪೆಟ್ಟು ಬೇರೆಯೇ.

ಹಂತ 3: ನೋವು ಇಳಿಸುವುದು (2ರಿಂದ 4 ವಾರ)

ಬೌಲಿಂಗ್ ನಿಲ್ಲಿಸಿ, ಓಡಾಟ ನಿಲ್ಲಿಸಬೇಡಿ. ದಿನಕ್ಕೆ ಎರಡು ಸಲ 15-20 ನಿಮಿಷ ಬೀಸು ನಡಿಗೆ, ಕೈ ಬೀಸಿಕೊಂಡು. ಬ್ಯಾಟಿಂಗ್, ಸ್ಲಿಪ್‌ನಲ್ಲಿ ಕ್ಯಾಚ್ ಪ್ರಾಕ್ಟೀಸ್ ನೋವು ಕೊಡದಿದ್ದರೆ ಮಾಡಿ. ಟೀಮ್‌ನಿಂದ ಪೂರ್ತಿ ದೂರ ಉಳಿದರೆ ತಲೆಯೂ ಕೆಡುತ್ತದೆ.

ಜೊತೆಗೆ ದಿನಾ ಮೂರು ವ್ಯಾಯಾಮ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯ ಮಾಡಿದ್ದು ಇವು. ಸೊಂಟಕ್ಕೆ ಕಡಿಮೆ ಭಾರ ಹಾಕಿ ಸುತ್ತಲಿನ ಸ್ನಾಯುವಿಗೆ ಕೆಲಸ ಕೊಡುತ್ತವೆ.

ಕರ್ಲ್ ಅಪ್: ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈಯನ್ನು ಸೊಂಟದ ಕೆಳಗಿನ ಸಂದಿಗೆ ಇಡಿ. ಈಗ ತಲೆ ಮತ್ತು ಭುಜ ನೆಲದಿಂದ ಎರಡು ಬೆರಳಿನಷ್ಟು ಮಾತ್ರ ಎತ್ತಿ. ಕೈ ಮೇಲಿನ ಒತ್ತಡ ಬದಲಾಗಬಾರದು. ಇದು ಸಿಟ್ ಅಪ್ ಅಲ್ಲ, ಎದ್ದು ಕೂರಬೇಡಿ.

ಸೈಡ್ ಪ್ಲ್ಯಾಂಕ್: ಮಗ್ಗುಲಾಗಿ ಮಲಗಿ, ಮೊಣಕೈ ಊರಿ, ಸೊಂಟ ಎತ್ತಿ. ಮೊದಲ ವಾರ ಮಂಡಿ ಊರಿಕೊಂಡು, ಆಮೇಲೆ ಪಾದದ ಮೇಲೆ. ಭುಜದಿಂದ ಕಾಲಿನವರೆಗೆ ನೇರ ಗೆರೆ ಇರಲಿ.

ಬರ್ಡ್ ಡಾಗ್: ಅಂಬೆಗಾಲು ಹಾಕುವ ಹಾಗೆ ನಿಂತು, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಆಮೇಲೆ ಬದಲಿಸಿ. ಅರ್ಧ ತುಂಬಿದ ನೀರಿನ ಬಾಟಲಿಯನ್ನು ಸೊಂಟದ ಮೇಲೆ ಅಡ್ಡ ಇಟ್ಟುಕೊಳ್ಳಿ, ಉರುಳಿದರೆ ಸೊಂಟ ತಿರುಗುತ್ತಿದೆ ಅಂತ ಗೊತ್ತಾಗುತ್ತದೆ. ಕಾಲನ್ನು ಜಾಸ್ತಿ ಮೇಲೆತ್ತುವುದೇ ಎಲ್ಲರೂ ಮಾಡುವ ತಪ್ಪು. ಕಾಲು ಸೊಂಟದ ಮಟ್ಟ ದಾಟಬಾರದು.

ಪ್ರತಿ ಸಲ 8ರಿಂದ 10 ಸೆಕೆಂಡ್ ಹಿಡಿದು ಬಿಡಿ. ಮೊದಲ ಸುತ್ತಿನಲ್ಲಿ 6 ಸಲ, ಎರಡನೇ ಸುತ್ತಿನಲ್ಲಿ 4, ಮೂರನೇ ಸುತ್ತಿನಲ್ಲಿ 2. ಉಸಿರು ಕಟ್ಟಬೇಡಿ. ಒಂದೇ ಸಲ ಮೂರು ನಿಮಿಷ ಪ್ಲ್ಯಾಂಕ್ ಹಿಡಿದು ವಿಡಿಯೋ ಹಾಕುವುದರಿಂದ ಸೊಂಟಕ್ಕೆ ಏನೂ ಸಿಗುವುದಿಲ್ಲ.

ನೋವಿನ ನಿಯಮ ಇದು, ಮುಂದಿನ ಎಲ್ಲ ಹಂತಕ್ಕೂ ಇದೇ. ವ್ಯಾಯಾಮದ ವೇಳೆ ನೋವು 10ಕ್ಕೆ 3ರವರೆಗೆ ಇದ್ದರೆ ಮುಂದುವರಿಸಿ. 4 ಅಥವಾ 5 ಆದರೆ ಭಾರ ಇಳಿಸಿ. ಅದಕ್ಕೂ ಮೇಲೆ ಹೋದರೆ ನಿಲ್ಲಿಸಿ. ಮರುದಿನ ಬೆಳಿಗ್ಗೆ ನೋಟ್‌ಬುಕ್‌ನಲ್ಲಿ ಮಾಮೂಲಿ ಅಂಕಿಯೇ ಇರಬೇಕು, 24 ಗಂಟೆ ಕಳೆದರೂ ಇಳಿಯದಿದ್ದರೆ ನಿನ್ನೆಯದು ಜಾಸ್ತಿ ಆಯಿತು ಅಂತ ಲೆಕ್ಕ. ದೀರ್ಘಕಾಲದ ನೋವಿನಲ್ಲಿ ಸ್ವಲ್ಪ ನೋವು ಬಂದ ಕೂಡಲೇ ಒಳಗೆ ಏನೋ ಹರಿಯಿತು ಅಂತ ಅರ್ಥವಲ್ಲ, ನರಗಳು ಸಣ್ಣದಕ್ಕೂ ಕೂಗಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿರುತ್ತವೆ. ಆದರೆ ಸ್ಟ್ರೆಸ್ ಫ್ರಾಕ್ಚರ್ ಇರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರಿಗೆ ಗುರಿ ಸೊನ್ನೆ.

ಈ ಹಂತದಲ್ಲಿ ಬೇಡವಾದದ್ದು ಮೂರು.

ಒಂದು, ಎದ್ದ ಕೂಡಲೇ ಬಗ್ಗುವುದು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬೆಳಿಗ್ಗೆ ಮುಂದಕ್ಕೆ ಬಗ್ಗಿದಾಗ ಅದರ ಮೇಲೆ ಒತ್ತಡ ಜಾಸ್ತಿ. ಐದೂವರೆಗೆ ಎದ್ದು ಐದು ಮುಕ್ಕಾಲಿಗೆ ಗ್ರೌಂಡ್‌ನಲ್ಲಿ ನಿಂತು ಕಾಲ್ಬೆರಳು ಮುಟ್ಟುವವರು ನಮ್ಮಲ್ಲಿ ತುಂಬಾ ಜನ. ಎದ್ದು ಒಂದು ಗಂಟೆಯಾದರೂ ಕಳೆಯಲಿ.

ಎರಡು, "ಸೊಂಟ ನೋವಿಗೆ ಭುಜಂಗಾಸನ" ಅಂತ ಕಣ್ಣು ಮುಚ್ಚಿ ಮಾಡುವುದು. ಕೂತು ಕೂತು ನೋವು ಬಂದ ಆಫೀಸಿನವರಿಗೆ ಅದು ಹಿತ ಕೊಡಬಹುದು. ಹಿಂದಕ್ಕೆ ಬಾಗಿದಾಗಲೇ ನೋಯುವ ಬೌಲರ್‌ಗೆ ಅದು ಗಾಯದ ಮೇಲೆ ಬರೆ. ಚಕ್ರಾಸನ, ಧನುರಾಸನಕ್ಕೂ ಇದೇ ಮಾತು. ಯಾವ ಕಡೆ ಬಾಗಿದರೆ ನೋವು ಅಂತ ಮೊದಲು ನೋಡಿ, ಸದ್ಯಕ್ಕೆ ಆ ಕಡೆ ಬಿಡಿ.

ಮೂರು, ಉಳುಕು ತೆಗೆಸುತ್ತೇನೆ ಅಂತ ಬೆನ್ನು ತುಳಿಸಿಕೊಳ್ಳುವುದು. ಬಿರುಕಿದ್ದರೆ ಏನಾಗಬಹುದು ಯೋಚಿಸಿ.

ಬೆಲ್ಟ್ ಬಗ್ಗೆಯೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ಅದರಲ್ಲಿ ವ್ಯಾಯಾಮ ಮಾಡಿ ಅಂದಿದ್ದಾರೆ, ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್, ಅಂದರೆ ತೂಕ ಕಟ್ಟಿ ಎಳೆಯುವ ಚಿಕಿತ್ಸೆ, ಮಾಮೂಲಾಗಿ ಬೇಡ ಅಂದಿದ್ದಾರೆ. ಬೆಲ್ಟ್ ಕಟ್ಟಿಕೊಂಡು ಬೌಲಿಂಗ್ ಮಾಡುವ ಯೋಚನೆ ಬಿಡಿ.

ಹಂತ 4: ಬಲ ಕಟ್ಟುವುದು (8ರಿಂದ 12 ವಾರ)

ಇಡೀ ಕೆಲಸದ ಹೃದಯ ಇದು, ಎಲ್ಲರೂ ಬೋರ್ ಹೊಡೆದು ಬಿಡುವುದೂ ಇದನ್ನೇ. ಮೂರನೇ ಹಂತದ ವ್ಯಾಯಾಮ ಮಾಡಿ ನೋವು ಇಳಿದ ಕೂಡಲೇ ವಾಸಿ ಆಯಿತು ಅಂದುಕೊಂಡು ಗ್ರೌಂಡಿಗೆ ಓಡುತ್ತಾರೆ. ನೆಲದ ಮೇಲೆ ಕೈ ಕಾಲು ಚಾಚಿದ್ದಕ್ಕೂ, ದೇಹತೂಕದ ಐದಾರು ಪಟ್ಟು ಭಾರ ತಡೆಯುವುದಕ್ಕೂ ನಡುವೆ ತುಂಬಾ ದೂರ ಇದೆ.

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಐದು ಚಲನೆ ಸಾಕು.

1. ಸೊಂಟ ಬಗ್ಗಿಸದೆ ಬಗ್ಗುವುದು, ಜಿಮ್‌ನವರು ಹಿಪ್ ಹಿಂಜ್ ಅನ್ನುತ್ತಾರೆ. ಒಂದು ಉದ್ದ ಕೋಲನ್ನು ಬೆನ್ನ ಮೇಲೆ ನೇರ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಮಂಡಿ ಸ್ವಲ್ಪ ಸಡಿಲ ಬಿಟ್ಟು ಕುಂಡೆಯನ್ನು ಹಿಂದಕ್ಕೆ ತಳ್ಳುತ್ತಾ ಬಗ್ಗಿ. ಮೂರರಲ್ಲಿ ಒಂದು ಬಿಟ್ಟುಕೊಂಡರೂ ಅಲ್ಲಿಗೇ ನಿಲ್ಲಿಸಿ, ಅದೇ ಸದ್ಯಕ್ಕೆ ನಿಮ್ಮ ಮಿತಿ. ತೊಡೆಯ ಹಿಂಭಾಗ ಎಳೆದ ಹಾಗಾಗಬೇಕು. ಇದು ಸರಿಯಾಗಿ ಬಂದ ಮೇಲೆ ಮಾತ್ರ ಡೆಡ್‌ಲಿಫ್ಟ್, ಅಂದರೆ ಹೀಗೇ ಬಗ್ಗಿ ನೆಲದ ಮೇಲಿನ ಭಾರವನ್ನು ಕೈಯಲ್ಲಿ ಹಿಡಿದು ಎತ್ತಿ ನಿಲ್ಲುವುದು.

2. ಒಂದು ಕಾಲು ಮುಂದೆ ಇಟ್ಟು ಕೂತು ಏಳುವುದು, ಅಂದರೆ ಸ್ಪ್ಲಿಟ್ ಸ್ಕ್ವಾಟ್. ಬೌಲರ್‌ನ ಮುಂಗಾಲಿನ ಕೆಲಸಕ್ಕೆ ಮಾಮೂಲಿ ಬಸ್ಕಿಗಿಂತ ಇದೇ ಹತ್ತಿರ.

3. ಬ್ರಿಡ್ಜ್. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು. ಎರಡು ವಾರ ಎರಡೂ ಕಾಲಿನಲ್ಲಿ, ಆಮೇಲೆ ಒಂದೇ ಕಾಲಿನಲ್ಲಿ. ಶಕ್ತಿ ಕುಂಡೆಯ ಸ್ನಾಯುವಿನಿಂದ ಬರಬೇಕು. ಸೊಂಟ ಬಿಲ್ಲಿನಂತೆ ಬಾಗುತ್ತಿದ್ದರೆ ಜಾಸ್ತಿ ಎತ್ತುತ್ತಿದ್ದೀರಿ.

4. ಒಂದೇ ಕೈಯಲ್ಲಿ ಭಾರ ಹೊತ್ತು ನಡೆಯುವುದು. ಜಿಮ್ ಬೇಡ, ಬಕೆಟ್ ಸಾಕು. 15 ಲೀಟರ್ ನೀರು ಅಂದರೆ 15 ಕೆಜಿ. ಒಂದು ಕೈಯಲ್ಲಿ ಹಿಡಿದು, ಪಕ್ಕಕ್ಕೆ ವಾಲದೆ 30 ಮೀಟರ್ ನಡೆಯಿರಿ, ಕೈ ಬದಲಿಸಿ. ವಾಲಿದರೆ ನೀರು ಚೆಲ್ಲಿ ಕಾಲು ಒದ್ದೆಯಾಗುತ್ತದೆ, ಬೇರೆ ಕೋಚ್ ಬೇಕಿಲ್ಲ. ಪಕ್ಕಕ್ಕೆ ವಾಲುವುದನ್ನು ತಡೆಯುವ ಸ್ನಾಯುಗಳೇ ಬೌಲಿಂಗ್‌ನಲ್ಲಿ ನಿಮ್ಮ ಸೊಂಟ ಕಾಯುವವು, ಹಾಗಾಗಿ ಐದರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನು ಆರಿಸುತ್ತೇನೆ.

5. ಸೈಡ್ ಪ್ಲ್ಯಾಂಕ್, ಈಗ ಜಾಸ್ತಿ ಹೊತ್ತು. ಎರಡೂ ಪಕ್ಕದ ಸಮಯ ಬರೆದಿಡಿ. ಒಂದು ಪಕ್ಕ 60 ಸೆಕೆಂಡ್, ಇನ್ನೊಂದು 40 ಅಂದರೆ ಸೋತ ಪಕ್ಕಕ್ಕೆ ಒಂದು ಸುತ್ತು ಹೆಚ್ಚು ಮಾಡಿ.

ಮೊದಲ ನಾಲ್ಕು ವಾರ ಒಂದರಿಂದ ಮೂರನೆಯ ಚಲನೆಗಳಿಗೆ 10-12 ಸಲದ 3 ಸುತ್ತು, ಹಗುರ ಭಾರ. ಆಮೇಲೆ 6-8 ಸಲದ 3-4 ಸುತ್ತು, ಭಾರ ಜಾಸ್ತಿ. ಸುತ್ತು ಮುಗಿದಾಗ ಇನ್ನೆರಡು ಮಾಡಬಹುದಿತ್ತು ಅನ್ನಿಸಬೇಕು, ಅದೇ ಸರಿಯಾದ ಭಾರ. ಕೊನೆ ಕೊನೆಗೆ ನಿಮ್ಮ ದೇಹತೂಕದಷ್ಟು ಭಾರವನ್ನು ಬೆನ್ನು ನೇರ ಇಟ್ಟು ಡೆಡ್‌ಲಿಫ್ಟ್ ಮಾಡುವ ಹಾಗಾದರೆ ಒಳ್ಳೆಯದು. "ಸೊಂಟ ನೋವಿರುವವರು ಭಾರ ಎತ್ತಬಾರದು ಅಲ್ವಾ?" ಅಂತ ಮನೆಯವರು ಗಾಬರಿ ಬೀಳುತ್ತಾರೆ. ಮೆಲ್ಲಗೆ ಏರಿಸಿದ ಭಾರ ಶತ್ರುವಲ್ಲ. ನಾಲ್ಕು ತಿಂಗಳು ಏನೂ ಎತ್ತದೆ ಒಂದು ದಿನ ದಿಢೀರನೆ ಎತ್ತುವುದು ಶತ್ರು.

ಇದೇ ಐದು ಯಾಕೆ, ಪಿಲಾಟೆಸ್ ಮಾಡಬಹುದಾ, ಈಜು ಒಳ್ಳೆಯದಾ? ಮಾಡಿ. ಸೊಂಟ ನೋವಿಗೆ ಇಂಥದೇ ವ್ಯಾಯಾಮ ಎಲ್ಲಕ್ಕಿಂತ ಶ್ರೇಷ್ಠ ಅಂತ ಖಚಿತವಾಗಿ ಸಾಬೀತಾಗಿಲ್ಲ, ಬಿಡದೆ ಮಾಡುವುದು ಮುಖ್ಯ. ಆದರೆ ಬರೀ ಈಜಾಡಿ ಬೌಲಿಂಗ್‌ಗೆ ಮರಳಬಹುದು ಅಂದುಕೊಳ್ಳಬೇಡಿ, ನೀರಿನಲ್ಲಿ ಕಾಲು ನೆಲಕ್ಕೆ ಬಡಿಯುವುದಿಲ್ಲ.

ಹಂತ 5: ಓಟ, ಜಿಗಿತ (ನಾಲ್ಕನೇ ಹಂತದ ಅರ್ಧದಿಂದ)

ಮೊದಲು ನಿಧಾನ ಜಾಗಿಂಗ್, ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ. 20 ನಿಮಿಷ ಸಲೀಸಾಗಿ ಆದ ಮೇಲೆ 40-60 ಮೀಟರ್ ವೇಗದ ಓಟ, 60 ಶೇಕಡಾ ವೇಗದಿಂದ ಶುರು ಮಾಡಿ ವಾರವಾರ ಏರಿಸಿ. ಆಮೇಲೆ ಜಿಗಿತ: ಎರಡೂ ಕಾಲಲ್ಲಿ ಜಿಗಿದು ಮೆತ್ತಗೆ ಇಳಿಯುವುದು, ಕೊನೆಗೆ ಮುಂಗಾಲೊಂದರ ಮೇಲೆ. ಇಳಿಯುವಾಗ ಧಡ್ ಅನ್ನುವ ಸದ್ದು ಬಂದರೆ ಕಾಲು ಕೆಲಸ ಮಾಡುತ್ತಿಲ್ಲ, ಸೊಂಟ ಮಾಡುತ್ತಿದೆ.

ಓಟಗಾರರು, ವಾಲಿಬಾಲ್ ಆಡುವವರು ಇಲ್ಲಿಯವರೆಗಿನದನ್ನು ಹಾಗೇ ಬಳಸಬಹುದು. ಕಬಡ್ಡಿಯವರೂ ಅಷ್ಟೇ, ಆದರೆ ಕಾಲು ಹಿಡಿಯಲು ಮುಂದಕ್ಕೆ ಬಗ್ಗಿದಾಗ ನೋಯುವ ಡಿಫೆಂಡರ್‌ಗಳು ಹಿಪ್ ಹಿಂಜ್‌ಗೆ ಎರಡು ಪಟ್ಟು ಸಮಯ ಕೊಡಿ. ಮುಂದಿನದು ಬೌಲರ್‌ಗಳಿಗೆ ಮಾತ್ರ.

ಹಂತ 6: ಮತ್ತೆ ಬೌಲಿಂಗ್ (8 ವಾರ)

ಶುರು ಮಾಡುವ ಮುಂಚೆ ಇಷ್ಟು ಆಗಬೇಕು: ದಿನನಿತ್ಯದ ನೋವು 2ಕ್ಕಿಂತ ಜಾಸ್ತಿ ಇಲ್ಲ, ಎರಡೂ ಪಕ್ಕ ಒಂದೊಂದು ನಿಮಿಷ ಸೈಡ್ ಪ್ಲ್ಯಾಂಕ್, ಜೋರು ಓಟಕ್ಕೆ ನೋವಿಲ್ಲ, ಮುಂಗಾಲೊಂದರ ಮೇಲೆ ಹತ್ತು ಸಲ ಜಿಗಿದರೂ ನೋವಿಲ್ಲ. ಒಂದು ತಪ್ಪಿದರೂ ಇನ್ನೆರಡು ವಾರ ನಾಲ್ಕು ಮತ್ತು ಐದನೇ ಹಂತದಲ್ಲೇ ಇರಿ.

ನಿಯಮ ಒಂದೇ. ಬಾಲ್ ಸಂಖ್ಯೆ, ರನ್ ಅಪ್, ವೇಗ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಏರಿಸಿ.

- ವಾರ 1: ನಡೆದುಕೊಂಡು ಬಂದು ಹಾಕುವುದು, ಅರ್ಧ ವೇಗ. ದಿನಕ್ಕೆ 24 ಬಾಲ್, ವಾರಕ್ಕೆ ಮೂರು ದಿನ.
- ವಾರ 2: ಅರ್ಧ ರನ್ ಅಪ್. ಬಾಲ್, ವೇಗ ಅಷ್ಟೇ.
- ವಾರ 3: ದಿನಕ್ಕೆ 36 ಬಾಲ್. ರನ್ ಅಪ್, ವೇಗ ಅಷ್ಟೇ.
- ವಾರ 4: ಪೂರ್ತಿ ರನ್ ಅಪ್, ಆದರೂ ಪೂರ್ತಿ ಜೋರಿಲ್ಲ.
- ವಾರ 5: ವೇಗ 70-80 ಶೇಕಡಾ.
- ವಾರ 6: ಒಂದು ದಿನ ಮಾತ್ರ ಪೂರ್ತಿ ವೇಗ, ಅದರಲ್ಲೂ ಕೊನೆಯ 12 ಬಾಲ್.
- ವಾರ 7: ಎರಡು ದಿನ ಪೂರ್ತಿ ವೇಗ.
- ವಾರ 8: ಒಂದು ದಿನ 48 ಬಾಲ್, ನಡುವೆ ಬಿಡುವು ಕೊಟ್ಟು ಎರಡು ಸ್ಪೆಲ್ ಆಗಿ. ಆಮೇಲೆ ಮ್ಯಾಚ್, ಮೊದಲ ಮ್ಯಾಚ್‌ನಲ್ಲಿ ನಾಲ್ಕೇ ಓವರ್ ಅಂತ ಕ್ಯಾಪ್ಟನ್‌ಗೆ ಮೊದಲೇ ಹೇಳಿಡಿ.

ಇದು ಅಚ್ಚಿನ ಲೆಕ್ಕವಲ್ಲ, ಮಾದರಿ. ಯಾವುದಾದರೂ ವಾರ ನೋವು ಏರಿದರೆ ಹಿಂದಿನ ವಾರಕ್ಕೆ ಹೋಗಿ. ಸ್ಟ್ರೆಸ್ ಫ್ರಾಕ್ಚರ್ ಆಗಿದ್ದವರಿಗೆ ಇದರ ಎರಡು ಪಟ್ಟು ಸಮಯವೂ ಹಿಡಿಯಬಹುದು, ಅವರು ವಾರವಾರ ಹತ್ತುವ ಈ ಬೌಲಿಂಗ್ ಏಣಿಯನ್ನು ಫಿಸಿಯೋ ಜೊತೆ ಕೂತು ಬರೆಯಲಿ.

ಬೌಲಿಂಗ್ ಆಕ್ಷನ್ ಅನ್ನೂ ಈಗಲೇ ನೋಡಿ, ನಿಧಾನವಾಗಿ ಹಾಕುತ್ತಿರುವಾಗಲೇ ತಿದ್ದುವುದು ಸುಲಭ. ಗೆಳೆಯರ ಫೋನಿನಲ್ಲಿ ಹಿಂದಿನಿಂದ ವಿಡಿಯೋ ಮಾಡಿಸಿ. ಹಿಂಗಾಲು ಊರಿದಾಗ ಹೊಕ್ಕುಳಿನ ಕೆಳಗಿನ ಭಾಗ ಬ್ಯಾಟ್ಸ್‌ಮನ್ ಕಡೆ, ಭುಜ ಪಕ್ಕಕ್ಕೆ ತಿರುಗಿದ್ದರೆ ಅದನ್ನು ಮಿಕ್ಸೆಡ್ ಆಕ್ಷನ್ ಅನ್ನುತ್ತಾರೆ. ಕೆಳಗೊಂದು ದಿಕ್ಕು, ಮೇಲೊಂದು ದಿಕ್ಕು, ನಡುವೆ ಹಿಂಡಿಸಿಕೊಳ್ಳುವುದು ಸೊಂಟ. ಆಸ್ಟ್ರೇಲಿಯಾದ ವೇಗದ ಬೌಲರ್ ಡೆನಿಸ್ ಲಿಲ್ಲಿಗೆ 1973ರಲ್ಲಿ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್ ಆಗಿ, ವಾರಗಟ್ಟಲೆ ಮೈಗೆ ಪ್ಲಾಸ್ಟರ್ ಹಾಕಿದ್ದರು. ಅವರು ದೇಹವನ್ನು ಗಟ್ಟಿ ಮಾಡಿಕೊಂಡು, ಆಕ್ಷನ್ ತಿದ್ದಿಕೊಂಡು ಇಂಗ್ಲೆಂಡ್ ವಿರುದ್ಧದ 1974-75ರ ಆ್ಯಷಸ್ ಸರಣಿಗೆ ಮರಳಿದರು. ಮುಂದೆ 1987ರಲ್ಲಿ ಚೆನ್ನೈಯಲ್ಲಿ ಶುರುವಾದ ಎಂಆರ್‌ಎಫ್ ಪೇಸ್ ಫೌಂಡೇಶನ್‌ನಲ್ಲಿ ನಮ್ಮ ಹುಡುಗರಿಗೆ ಪಾಠ ಹೇಳಿದವರೂ ಅವರೇ. ಆಕ್ಷನ್ ಬದಲಿಸುವುದು ಯೂಟ್ಯೂಬ್ ನೋಡಿ ಆಗುವ ಕೆಲಸವಲ್ಲ, ಗೊತ್ತಿರುವ ಕೋಚ್ ಬೇಕು.

ಹಂತ 7: ಸೀಸನ್‌ನಲ್ಲಿ ಉಳಿಸಿಕೊಳ್ಳುವುದು

ಮ್ಯಾಚ್ ಶುರುವಾದ ಮೇಲೆ ನಾಲ್ಕನೇ ಹಂತವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಸುತ್ತು ಕಡಿಮೆ, ಭಾರ ಅಷ್ಟೇ. ಪೂರ್ತಿ ಬಿಟ್ಟರೆ ಕಟ್ಟಿದ ಬಲ ಕೆಲವು ವಾರಗಳಲ್ಲೇ ಕರಗತೊಡಗುತ್ತದೆ.

ನೋಟ್‌ಬುಕ್ ಈಗ ಇನ್ನೂ ಮುಖ್ಯ. ಹಿಂದಿನ ನಾಲ್ಕು ವಾರದ ಬಾಲ್‌ಗಳನ್ನು ಕೂಡಿ ನಾಲ್ಕರಿಂದ ಭಾಗಿಸಿ. ಸರಾಸರಿ 120 ಬಂತು ಅಂತಿಟ್ಟುಕೊಳ್ಳಿ. ಈ ವಾರ 150 ಪರವಾಗಿಲ್ಲ, 180 ಆದರೆ ಎಚ್ಚರ, 240 ಆದರೆ ತೊಂದರೆಯನ್ನು ಕರೆದು ಕೂರಿಸಿದ ಹಾಗೆ. ಅದರ ಪೆಟ್ಟು ಅದೇ ವಾರ ಗೊತ್ತಾಗುವುದಿಲ್ಲ. ವೇಗದ ಬೌಲರ್‌ಗಳ ಮೇಲಿನ ಅಧ್ಯಯನಗಳಲ್ಲಿ ಕಂಡಂತೆ ಮುಂದಿನ ವಾರ, ಕೆಲವೊಮ್ಮೆ ಮೂರು ನಾಲ್ಕು ವಾರ ಕಳೆದು ಗಾಯ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಬೌಲರ್‌ಗಳು "ಏನೂ ಮಾಡದೇ ಇದ್ದಾಗ ನೋವು ಬಂತು" ಅನ್ನುವುದು. ಇದು ಕಟ್ಟುನಿಟ್ಟಿನ ಗಣಿತ ಅಲ್ಲ, ಅಳತೆಗೋಲು. ಮಳೆಗಾಲದಲ್ಲಿ ಗ್ರೌಂಡ್ ಮುಚ್ಚಿ, ಮಳೆ ನಿಂತ ಕೂಡಲೇ ಸಾಲು ಸಾಲು ಮ್ಯಾಚ್ ಇಟ್ಟಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲೂ ವಾರಕ್ಕೆ ಒಂದಷ್ಟು ಬಾಲ್ ಎಲ್ಲಾದರೂ ಹಾಕುತ್ತಿರಿ, ಸರಾಸರಿ ಸೊನ್ನೆಗೆ ಇಳಿಯದಿರಲಿ.

ಬೇರೆ ಊರಿಗೆ ಆಡಲು ಹೋಗುವವರು ಗಮನಿಸಿ. ಐದಾರು ಗಂಟೆ ಬಸ್ಸಿನಲ್ಲಿ ಕೂತು, ಇಳಿದ ಕೂಡಲೇ ಹೊಸ ಬಾಲ್ ಹಿಡಿಯಬೇಡಿ. ಬಸ್ ನಿಂತಲ್ಲೆಲ್ಲ ಇಳಿದು ಎರಡು ನಿಮಿಷ ಓಡಾಡಿ. ಗ್ರೌಂಡ್‌ನಲ್ಲಿ ಹತ್ತು ನಿಮಿಷ ನಡಿಗೆ ಮತ್ತು ಜಾಗಿಂಗ್, ಹಂತ 3ರ ಮೂರು ವ್ಯಾಯಾಮ ಒಂದೊಂದು ಸುತ್ತು, ಆಮೇಲೆ ಬೌಲಿಂಗ್ ವಾರ್ಮ್ ಅಪ್.

ಇಂಜೆಕ್ಷನ್ ಹಾಕಿಸಿಕೊಂಡು ಫೈನಲ್ ಆಡುವುದು, ಎರಡು ನೋವಿನ ಮಾತ್ರೆ ನುಂಗಿ ಸ್ಪೆಲ್ ಮುಗಿಸುವುದು ಬೇಡ. ಮಾತ್ರೆ ನೋವನ್ನು ಮುಚ್ಚುತ್ತದೆ, ಮೂಳೆಯ ಮೇಲಿನ ಭಾರವನ್ನು ಕಡಿಮೆ ಮಾಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ, ಬಿಸಿಲಲ್ಲಿ ಬೆವರಿ ನೀರು ಕಡಿಮೆ ಕುಡಿದಾಗ ಇಂಥ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು.

ಇಷ್ಟೆಲ್ಲ ಮಾಡಿದರೂ ವರ್ಷದಲ್ಲಿ ಒಂದೆರಡು ಸಲ ನೋವು ಕೆರಳುತ್ತದೆ. ಆಗ ಮೊದಲಿಂದ ಶುರು ಮಾಡಬೇಕಿಲ್ಲ. ಎರಡು ಮೂರು ದಿನ ಬೌಲಿಂಗ್ ಬಿಡಿ, ನಡಿಗೆ ಮತ್ತು ಹಂತ 3ರ ವ್ಯಾಯಾಮ ಮಾಡಿ. ನೋವು ಮಾಮೂಲಿ ಅಂಕಿಗೆ ಬಂದ ಮೇಲೆ ನಾಲ್ಕನೇ ಹಂತದ ಭಾರವನ್ನು ಅರ್ಧಕ್ಕೆ ಇಳಿಸಿ ಶುರು ಮಾಡಿ, ಬೌಲಿಂಗ್ ಏಣಿಯಲ್ಲಿ ಎರಡು ವಾರ ಹಿಂದಕ್ಕೆ ಇಳಿದು ಹತ್ತಿ. ಎರಡು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಈ ಸಲದ ನೋವು ಬೇರೆ ಜಾಗದಲ್ಲಿ, ಬೇರೆ ಥರ, ಬೆರಳಿಟ್ಟು ತೋರಿಸುವ ಹಾಗಿದ್ದರೆ ಏಣಿ ಬಿಟ್ಟು ವೈದ್ಯರ ಬಳಿ ಹೋಗಿ. ನೋಟ್‌ಬುಕ್ ಜೊತೆಗೆ ತೆಗೆದುಕೊಂಡು ಹೋಗಿ, ಅವರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.